ಮೂವತ್ತೇಳು ಇಂಚಿನ ಕಟ್ಟೆ

ಶಿರಸಿ
12 ಮಾರ್ಚ್ 2024

ಶರಾವತಿ ಅತ್ತಿಗೆಗೆ ಪರಿಮಳಾಳ ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಅಡುಗೆಮನೆ’ ಎಂದ ಕೂಡಲೇ ನೀವು ಇಟ್ಟುಬಿಟ್ಟಿರಿ. ಕಾಗದವನ್ನು ಹಾಗೆ ನಡುವಿನಲ್ಲಿ ಕತ್ತರಿಸಲು ಬರುವುದಿಲ್ಲ. ಹರಿದು ಒಲೆಗೆ ಹಾಕಬಹುದು, ಆದರೆ ನೀವು ಹರಿಯುವವರಲ್ಲ. ಪ್ರಸಾದ ಕಟ್ಟಿ ಕೊಟ್ಟ ಕಾಗದವನ್ನೂ ಮಡಚಿ ಹಾಸಿಗೆಯಡಿ ಇಡುವವರು ನೀವು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅಡುಗೆಮನೆ ಒಡೆಸುತ್ತಿದ್ದೇನೆ ಅತ್ತಿಗೆ. ಇದು ಅಪ್ಪಣೆ ಕೇಳುವ ಕಾಗದವಲ್ಲ, ತಿಳಿಸುವ ಕಾಗದ. ಮಾವನವರು ಈ ಮನೆಯನ್ನು ನಿಮ್ಮ ಹೆಸರಿಗೂ ನಿಮ್ಮ ತಮ್ಮನ ಹೆಸರಿಗೂ ಸೇರಿಸಿ ಬರೆದಿಟ್ಟು ಹೋದರು. ನಿಮ್ಮ ತಮ್ಮ ಹೋಗಿಯೂ ಮೂರು ವರ್ಷವಾಯಿತು. ಆದ್ದರಿಂದ ತಿಳಿಸುವುದು ನನ್ನ ಧರ್ಮ, ಅಷ್ಟೇ.

ಎಂಬತ್ನಾಲ್ಕರಲ್ಲಿ ಈ ಬಡಾವಣೆಯಲ್ಲಿ ಮನೆ ಕಟ್ಟಿದವರೆಲ್ಲ ಅಡುಗೆಮನೆಯನ್ನು ಯಾಕೆ ಹಿಂದಿನ ಮೂಲೆಗೆ ತುರುಕಿದರೋ ಆ ದೇವರೇ ಬಲ್ಲ. ಎಂಟಡಿ, ಒಂಬತ್ತಡಿ. ಇರುವ ಒಂದೇ ಕಿಟಕಿ ಪಕ್ಕದ ಮನೆಯ ಬಚ್ಚಲ ಗೋಡೆಗೆ ಮುಖ ಮಾಡಿದೆ. ಹಗಲು ಹನ್ನೊಂದಕ್ಕೂ ದೀಪ ಹಾಕಿ ಅಕ್ಕಿ ಆರಿಸಬೇಕು. ಈಗ ಹಿಂದಿನ ಗೋಡೆ ತೆಗೆಸಿ, ಕಟ್ಟಿಗೆ ಕೋಣೆಯನ್ನೂ ಹಿತ್ತಲ ಜಗಲಿಯನ್ನೂ ಒಳಗೆ ಸೇರಿಸಿಕೊಳ್ಳುತ್ತೇನೆ. ಪೂರ್ವಕ್ಕೆ ದೊಡ್ಡ ಕಿಟಕಿ ಇಡಿಸುತ್ತೇನೆ. ಅಡುಗೆ ಕಟ್ಟೆಯನ್ನು ಒಡೆಸಿ ನನ್ನ ಎತ್ತರಕ್ಕೆ ಕಟ್ಟಿಸುತ್ತೇನೆ.

ನಿಮಗೆ ಸಿಟ್ಟು ಬರುವುದು ಈ ಕಡೆಯ ವಾಕ್ಯಕ್ಕೆ ಎಂದು ಗೊತ್ತು. ಆದರೂ ಕೇಳಿ. ಆ ಕಟ್ಟೆ ಮೂವತ್ತೇಳು ಇಂಚು, ಟೇಪು ಹಿಡಿದು ನೋಡಿದ್ದೇನೆ. ನಾನು ನಾಲ್ಕಡಿ ಏಳು ಇಂಚು. ತೊಂಬತ್ತರಲ್ಲಿ ಮೂರು ತಿಂಗಳ ಸುಜಯನನ್ನು ಎತ್ತಿಕೊಂಡು ಬಾಣಂತನ ಮುಗಿಸಿ ಕಾನಸೂರಿನ ತವರಿನಿಂದ ಬಂದೆನಲ್ಲ, ಬಂದು ನೋಡಿದರೆ ನೆಲದ ಒಲೆ ಹೋಗಿ ಗ್ಯಾಸ್ ಬಂದಿತ್ತು, ನನ್ನ ಎದೆಮಟ್ಟಕ್ಕೆ ಕಡಪ ಕಲ್ಲಿನ ಕಟ್ಟೆ ಎದ್ದಿತ್ತು. ಅತ್ತೆ ಒಂದು ಹಲಸಿನ ಮಣೆ ತಂದು ನನ್ನ ಕಾಲಬುಡಕ್ಕೆ ಹಾಕಿ, “ತಗ, ಇದ್ರ ಮೇಲೆ ನಿತ್ಕ” ಎಂದರು. ಮತ್ತೆ ಒಂದು ಮಾತಿಲ್ಲ. ಹಸೆಮಣೆ ಒಂದು ದಿನದ್ದು, ಈ ಮಣೆ ಮೂವತ್ನಾಲ್ಕು ವರ್ಷದ್ದು. ಸೊಸೆ ಗಿಡ್ಡಿ ಎಂಬುದನ್ನು ದಿನಾ ಮೂರು ಹೊತ್ತು ನೆನಪಿಸಲಿಕ್ಕೇ ಅತ್ತೆ ಹಾಗೆ ಕಟ್ಟಿಸಿದರು ಎಂದು ನಾನು ಅಂದೇ ತಿಳಿದುಕೊಂಡೆ. ಈಗಲೂ ಹಾಗೇ ತಿಳಿದುಕೊಂಡಿದ್ದೇನೆ. ಸತ್ತವರ ಮೇಲೆ ದೂರು ಹೇಳಬಾರದು, ಆದರೆ ನನ್ನ ಗಲ್ಲದ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದ ಕಲೆ ಇನ್ನೂ ಇದೆ.

ಹೋದ ಕಾರ್ತೀಕದಲ್ಲಿ ಗಂಜಿ ಬಸಿಯುವಾಗ ಆ ಮಣೆ ಜಾರಿತು. ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿಕೊಂಡು ಮಲಗಿದ್ದಾಗ ನೀವು ಬಂದು, “ಅಡುಗೆಯವರನ್ನು ಇಟ್ಟುಕೊ” ಎಂದಿರಿ. ಸುಜಯನೂ ಅದನ್ನೇ ಹೇಳಿದ. ಕಟ್ಟೆ ಎತ್ತರವಾಯಿತು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಅಡುಗೆ ಮಾಡುವುದು ನನಗೆ ಇಷ್ಟ ಅತ್ತಿಗೆ. ಇನ್ನು ಹತ್ತು ವರ್ಷವೋ ಹನ್ನೆರಡು ವರ್ಷವೋ, ಇದ್ದಷ್ಟು ದಿನ ನನ್ನ ಕಾಲನ್ನು ನೆಲದ ಮೇಲಿಟ್ಟು ಮಾಡುತ್ತೇನೆ.

ಇಂತಿ, ಸದ್ಯಕ್ಕೆ ಮಣೆಯ ಮೇಲಿರುವ,
ಪರಿಮಳಾ


ಉಮ್ಮಚಗಿ
20 ಮಾರ್ಚ್ 2024

ಪರಿಮಳಾ,

ನಿನ್ನ ಕಾಗದ ಬಂತು. ಹರಿದಿಲ್ಲ.

ಗೋಡೆ ಒಡೆ. ಕಿಟಕಿ ಇಡಿಸು. ಕಟ್ಟಿಗೆ ಕೋಣೆ, ಜಗಲಿ ಎಲ್ಲ ಸೇರಿಸಿಕೊಂಡು ಬೇಕಾದರೆ ಮದುವೆ ಛತ್ರ ಮಾಡು. ನನ್ನದೇನೂ ಅಡ್ಡಿಯಿಲ್ಲ, ಎಲ್ಲಿ ಬೇಕೋ ಅಲ್ಲಿ ರುಜು ಹಾಕುತ್ತೇನೆ. ಕಟ್ಟೆಯನ್ನು ಮಾತ್ರ ಮುಟ್ಟಬೇಡ. ಆ ಕಲ್ಲನ್ನು ಅಪ್ಪಯ್ಯ ಹುಬ್ಬಳ್ಳಿಗೆ ತಾನೇ ಹೋಗಿ, ಲಾರಿಯಲ್ಲಿ ಕಲ್ಲಿನ ಪಕ್ಕವೇ ಕುಳಿತು ತಂದದ್ದು. ಒಂದು ಬಿರುಕು ಬಿಟ್ಟಿಲ್ಲ, ಒಂದು ಕಡೆ ಬಣ್ಣ ಹೋಗಿಲ್ಲ. ಅಂಥ ಕಲ್ಲು ಈಗ ಹುಡುಕಿದರೂ ಸಿಗುವುದಿಲ್ಲ.

ಎತ್ತರ ಎನ್ನುತ್ತೀಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂವತ್ನಾಲ್ಕು ವರ್ಷ ಆ ಕಟ್ಟೆಯ ಮೇಲೇ ನೂರು ಜನರ ಅಡುಗೆ ಮಾಡಿದ್ದೀಯ, ನನ್ನ ತಮ್ಮ ರಘು ಉಂಡು ಸುಖವಾಗಿದ್ದ. ಈಗ ಒಮ್ಮೆ ಬಿದ್ದ ಮಾತ್ರಕ್ಕೆ ಕಟ್ಟೆಯದು ತಪ್ಪಾಗುವುದಿಲ್ಲ. ಮಣೆ ಸಣ್ಣದಾಗಿತ್ತು, ಅದಕ್ಕೇ ಜಾರಿತು. ಇಲ್ಲಿ ನಮ್ಮ ಆಚಾರಿಯ ಹತ್ತಿರ ಅಗಲವಾದ ಮಣೆ ಮಾಡಿಸಿದ್ದೇನೆ. ಎರಡಡಿ ಉದ್ದ, ಕೆಳಗೆ ರಬ್ಬರು ಹೊಡೆಸಿದೆ. ಬರುವ ಬುಧವಾರ ಯಲ್ಲಾಪುರದಿಂದ ಹೊರಡುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ. ಸ್ಟ್ಯಾಂಡಿಗೆ ಹೋಗಿ ಇಳಿಸಿಕೊ.

ನಾಳೆ ಸುಜಯನಿಗೆ ಮದುವೆಯಾಗಿ ಎತ್ತರದ ಸೊಸೆ ಬಂದರೆ ನಿನ್ನ ಗಿಡ್ಡ ಕಟ್ಟೆಯ ಮುಂದೆ ಅವಳು ಬೆನ್ನು ಬಗ್ಗಿಸಬೇಕಾಗುತ್ತದೆ. ಅದನ್ನೂ ಯೋಚನೆ ಮಾಡು. ಹಿರಿಯಳು ಹೇಳುತ್ತಿದ್ದೇನೆ.

ಶರಾವತಿ


ಶಿರಸಿ
2 ಏಪ್ರಿಲ್ 2024

ಅತ್ತಿಗೆಗೆ ನಮಸ್ಕಾರ.

ಮಣೆ ಬಂತು. ಒಳ್ಳೇ ಕೆಲಸ, ಆಚಾರಿಯ ಕೈ ಚೆನ್ನಾಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಹೊತ್ತುಕೊಂಡು ನಿಂತಾಗ ನಾಲ್ಕು ಜನ, “ಮದುವೆ ಯಾರದು?” ಎಂದು ಕೇಳಿದರು. ಈಗ ಅದನ್ನು ಹಿತ್ತಲಲ್ಲಿ ಹಾಕಿ ಅದರ ಮೇಲೆ ಒಂದೆಲಗದ ಕುಂಡ ಇಟ್ಟಿದ್ದೇನೆ. ಕುಂಡ ನನಗಿಂತ ಗಿಡ್ಡ, ಪಾಪ, ಅದಕ್ಕೆ ಬೇಕು.

ಗಾದೆಯನ್ನೂ ಮಣೆಯ ಜೊತೆಗೇ ಕಳಿಸಿದ್ದೀರಿ. ನೆಲ ಡೊಂಕು ಎಂದು ನಾನು ಎಲ್ಲಿ ಹೇಳಿದೆ? ಕಟ್ಟೆ ಎತ್ತರ ಎಂದೆ. ಕುಣಿದೂ ಆಗಿದೆ, ನೀವೇ ಬರೆದ ಹಾಗೆ, ನೂರು ಜನರಿಗೆ. ಇನ್ನು ಬರುವ ಸೊಸೆಯ ಬೆನ್ನಿನ ಚಿಂತೆ. ಬಾರದಿರುವ ಸೊಸೆಯ ಬೆನ್ನಿಗೆ ಇಷ್ಟು ಮರುಗುವ ನೀವು ಬಂದ ಸೊಸೆಯ ಕುತ್ತಿಗೆಯನ್ನು ಒಮ್ಮೆಯಾದರೂ ನೋಡಿದ್ದರೆ ಆಗುತ್ತಿತ್ತು. ಅವಳು ಬರಲಿ, ಅವಳಿಗೆ ಬೇಕಾದ ಹಾಗೆ ಒಡೆದು ಕಟ್ಟಿಸಿಕೊಳ್ಳಲಿ. ಸುತ್ತಿಗೆ ನಾನೇ ತಂದು ಕೊಡುತ್ತೇನೆ.

ಸೋಮವಾರ ಕೆಲಸ ಶುರು. ಸುಭಾಷ ಹಿಡಿದಿದ್ದಾನೆ. ಅವನು ಯಾರೆಂದು ಗೊತ್ತಲ್ಲ, ನಮ್ಮ ಗಾರೆ ಕೆಲಸದ ಕೆರಿಯನ ಮಗ. ಅಪ್ಪನಿಗೆ ಕಣ್ಣು ಮಂಜಾಯಿತು, ಈಗ ಮಗನೇ ಎಲ್ಲ. ಅವನೂ ಮೊದಲು ಒಪ್ಪಲಿಲ್ಲ. “ಅಮ್ಮ, ಈಗ ಎಲ್ಲಾ ಕಡೆ ಸ್ಟ್ಯಾಂಡರ್ಡ್ ಮೂವತ್ನಾಲ್ಕು ಇಂಚು, ಅದ್ರ ಕೆಳ್ಗೆ ಮಾಡಿದ್ರೆ ಜನ ನಂಗೆ ನಗ್ತಾರೆ” ಎಂದ. ಸುಜಯ ಸಿದ್ದಾಪುರದಿಂದ ಫೋನು ಮಾಡಿ, “ಅಮ್ಮಾ, ಎಲ್ಲಾರ ಮನೇಲೂ ಮೂವತ್ನಾಕೇ ಇರ್ತು” ಎಂದ. ಈ ಸ್ಟ್ಯಾಂಡರ್ಡ್ ಎಂಬ ಹೆಂಗಸು ಯಾರು, ಎಲ್ಲಿಯವಳು, ಅವಳು ಬಂದು ನಮ್ಮ ಮನೆಯಲ್ಲಿ ದಿನಾ ದೋಸೆ ಎರೆಯುತ್ತಾಳೋ ಎಂದು ಇಬ್ಬರಿಗೂ ಕೇಳಿದೆ. ಇಪ್ಪತ್ತೊಂಬತ್ತು ಇಂಚು ಎಂದು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದೇನೆ.

ಮೊದಲು ಹಿಂದಿನ ಗೋಡೆ, ಆಮೇಲೆ ಕಟ್ಟಿಗೆ ಕೋಣೆ, ಕಟ್ಟೆ ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ನನ್ನ ಅಡುಗೆ ಸ್ಕೂಟರು ನಿಲ್ಲಿಸುವ ಶೆಡ್ಡಿನಲ್ಲಿ.

ನಿಮ್ಮ,
ಪರಿಮಳಾ


ಉಮ್ಮಚಗಿ
15 ಏಪ್ರಿಲ್ 2024

ಪರಿಮಳಾ,

ಒಂದೇ ಮಾತು. ಆ ಕಟ್ಟೆ ಒಡೆದ ದಿನದಿಂದ ನಾನು ಆ ಮನೆಯ ಹೊಸಿಲು ತುಳಿಯುವುದಿಲ್ಲ. ಭಾದ್ರಪದದಲ್ಲಿ ರಘುವಿನ ತಿಥಿಗೂ ಬರುವುದಿಲ್ಲ. ನೀನು ಹಟಮಾರಿ ಎಂದು ನನಗೆ ಗೊತ್ತು. ನಾನು ನಿನಗಿಂತ ಏಳು ವರ್ಷ ಹಳೆಯ ಹಟಮಾರಿ.

ಶರಾವತಿ


ಶಿರಸಿ
10 ಮೇ 2024

ಅತ್ತಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯುವ ಹಾಗಾಯಿತು.

ಹಿಂದಿನ ಗೋಡೆ ಹೋಗಿದೆ. ಕಟ್ಟಿಗೆ ಕೋಣೆ ಹೋಗಿದೆ. ಬೆಳಿಗ್ಗೆ ಏಳಕ್ಕೆ ಬಿಸಿಲು ನೇರ ಒಳಗೆ ಬಂದು ಆ ನಿಮ್ಮ ಕಪ್ಪು ಕಲ್ಲಿನ ಮೇಲೆ ಬೀಳುತ್ತದೆ. ಸುತ್ತ ಎಲ್ಲ ಬಯಲು, ನಡುವೆ ಅದೊಂದೇ ನಿಂತಿದೆ. ನಿನ್ನೆ ಅದನ್ನು ಒಡೆಯುವ ದಿನ. ಸುಭಾಷನ ಜೊತೆ ಅವನ ಅಪ್ಪ ಕೆರಿಯನೂ ಬಂದಿದ್ದ. ತಾನು ಕಟ್ಟಿದ್ದನ್ನು ಮಗ ಒಡೆಯುವುದನ್ನು ನೋಡಬೇಕೆಂದು ಬಂದನಂತೆ. ಕಣ್ಣು ಮಂಜಾದರೂ ಕೈಯಲ್ಲಿ ಕಟ್ಟೆಯ ಅಂಚು ಸವರಿ ಸವರಿ ನೋಡಿದ. ಚಹಾ ಕೊಟ್ಟೆ. ಹೇಳುವ ಮಾತು ಹೇಳಿಬಿಡೋಣ ಎಂದು, “ಎಂಥಾ ಎತ್ತರ ಕಟ್ಟಿಟ್ಟೆ ಮಾರಾಯ, ನಮ್ಮತ್ತೆ ಹೇಳಿದರು ಅಂತ ನೀನೂ ನನ್ನ ಮೇಲೆ ಸೇಡು ತೀರಿಸಿಕೊಂಡೆಯಾ?” ಎಂದು ನಗಾಡಿದೆ.

ಅವನು ನಗಲಿಲ್ಲ. “ದೊಡ್ಡಮ್ಮ ಏನೂ ಹೇಳ್ಲಿಲ್ರಾ. ಅಳತೆ ಕೊಟ್ಟೋರು ಉಮ್ಮಚಗಿ ಅಮ್ಮ” ಎಂದ.

ನಾನು ಲೋಟ ಕೆಳಗಿಟ್ಟೆ.

“ಮೊಣಕೈ ಮಡಚಿ ನಿಲ್ಬೇಕು. ಮೊಣಕೈಯಿಂದ ಆರು ಬೆರಳು ಕೆಳಗೆ ದಾರ ಹಿಡಿಯೂದು. ಯಾವ ಮನಿಗಾದ್ರೂ ನಾ ಹಾಂಗೇ ಕಟ್ಟಿದ್ದು. ನಿಮ್ ಮಾವ ಹೆಗಡೇರು ಅವ್ರನ್ನ ಕರ್ದು ನಿಲ್ಸಿದ್ರು. ಕೆರಿಯ, ನನ್ ಮಗಳ ಕೈಗೆ ಸಮ ಆಗ್ಬೇಕು ನೋಡು ಅಂದ್ರು. ಅಲ್ರಾ, ಸೊಸೆ ಅಮ್ಮಂಗೆ ಎತ್ರ ಆಗೂದಿಲ್ವಾ ಅಂತ ನಾ ಕೇಳ್ದೆ. ಹೆಗಡೇರು ಉತ್ರ ಕೊಡ್ಲಿಲ್ಲ. ನಾ ಎಷ್ಟಂದ್ರೂ ಕೂಲಿಯವ, ಮತ್ತೆ ಕೇಳೂಕೆ ಹೋಗ್ಲಿಲ್ಲ” ಎಂದ.

ಮೂವತ್ನಾಲ್ಕು ವರ್ಷ ನಾನು ಅತ್ತೆಯನ್ನು ಬೈದೆ ಅತ್ತಿಗೆ. ಬಾಯಲ್ಲಿ ಬೈಯಲಿಲ್ಲ, ಒಳಗೇ ಬೈದೆ. ಅವರು ಹಾಸಿಗೆ ಹಿಡಿದಾಗ ಗಂಜಿ ಕುಡಿಸುತ್ತಲೂ ಬೈದೆ. ಅವರ ಬಾಯಿಗೆ ಕೊನೆಯ ನೀರು ಬಿಟ್ಟವಳೂ ನಾನೇ, ಆಗಲೂ ಮನಸ್ಸಿನಲ್ಲಿ ಮಣೆಯೇ ಇತ್ತು. ನೀವು ರಜೆಗೆ ಬಂದಾಗಲೆಲ್ಲ ಆ ಮಣೆಯನ್ನು ಕಾಲಲ್ಲಿ ಸರಿಸಿ, ಕಟ್ಟೆಯ ಮುಂದೆ ನೆಟ್ಟಗೆ ನಿಂತು, “ಕಟ್ಟೆ ಅಂದ್ರೆ ಹಿಂಗಿರವು” ಎನ್ನುತ್ತಿದ್ದಿರಿ. ನಾನು ಪಕ್ಕದಲ್ಲಿ ನಿಂತು ತೆಂಗಿನಕಾಯಿ ತುರಿಯುತ್ತಿದ್ದೆ.

ಉಮ್ಮಚಗಿಗೆ ಕೊಟ್ಟ ಮಗಳ ಅಳತೆಯನ್ನು ಶಿರಸಿಯ ಅಡುಗೆಮನೆಗೆ ಯಾಕೆ ಹಿಡಿದರು? ನೀವು ಯಾಕೆ ನಿಂತಿರಿ? ಸುಭಾಷನಿಗೆ ಕೆಲಸ ನಿಲ್ಲಿಸು ಎಂದಿದ್ದೇನೆ. ನಿಮ್ಮ ಹೆದರಿಕೆಗಲ್ಲ. ಒಡೆಯುವ ಮೊದಲು ನನಗೆ ಉತ್ತರ ಬೇಕು.

ಪರಿಮಳಾ


ಶಿರಸಿ
19 ಜೂನ್ 2024

ಅತ್ತಿಗೆ,

ನಲವತ್ತು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ಸೈಕಲ್ ತುಳಿಯುವುದನ್ನು ಜೋರು ಮಾಡುತ್ತಾನೆ.

ನಾನು ಇನ್ನೂ ಶೆಡ್ಡಿನಲ್ಲೇ ಅಡುಗೆ ಮಾಡುತ್ತಿದ್ದೇನೆ. ಹಳೆಯ ಹೊಲಿಗೆ ಮಷಿನ್ನಿನ ಮೇಜಿನ ಮೇಲೆ ಒಲೆ ಇಟ್ಟಿದ್ದೇನೆ. ಆ ಮೇಜು ಇಪ್ಪತ್ತೊಂಬತ್ತು ಇಂಚು. ಮೊದಲ ದಿನ ಒಗ್ಗರಣೆ ಹಾಕುವಾಗ ಬಾಣಲೆಯ ತಳ ಕಂಡಿತು, ಸಾಸಿವೆ ಸಿಡಿಯುವುದನ್ನು ಮೇಲಿನಿಂದ ನೋಡಿದೆ. ಇಷ್ಟು ವರ್ಷ ನಾನು ಸಾಸಿವೆಯನ್ನು ಸದ್ದಿನ ಮೇಲೆ ಅಂದಾಜು ಮಾಡುತ್ತಿದ್ದೆ, ಗೊತ್ತೇ ನಿಮಗೆ? ಅಲ್ಲೇ ಸ್ಕೂಟರಿನ ಪಕ್ಕ ನಿಂತು ಅತ್ತುಬಿಟ್ಟೆ. ಖುಷಿಗೋ ಸಿಟ್ಟಿಗೋ ತಿಳಿಯಲಿಲ್ಲ.

ಇನ್ನು ನಾನು ಆ ಕಟ್ಟೆಯ ಮುಂದೆ ನಿಲ್ಲುವುದಿಲ್ಲ. ನೀವು ಉತ್ತರ ಬರೆದರೂ ನಿಲ್ಲುವುದಿಲ್ಲ, ಬರೆಯದಿದ್ದರೂ ನಿಲ್ಲುವುದಿಲ್ಲ. ಆದರೆ ಬರೆಯಿರಿ.

ಪರಿಮಳಾ


ಉಮ್ಮಚಗಿ
8 ಜುಲೈ 2024

ಪರಿಮಳಾ,

ಕೆರಿಯ ಹೇಳಿದ್ದು ನಿಜ.

ನೀನು ಬಾಣಂತನಕ್ಕೆ ಕಾನಸೂರಿಗೆ ಹೋಗಿದ್ದೆ. ಅದೇ ಸಮಯ ನಾನು ಉಮ್ಮಚಗಿ ಬಿಟ್ಟು ಶಿರಸಿಗೆ ಬಂದಿದ್ದೆ. ರಜೆಗೆ ಬಂದದ್ದಲ್ಲ. ಬಿಟ್ಟೇ ಬಂದಿದ್ದೆ. ನಿನಗೆ ಇದನ್ನು ಯಾರೂ ಹೇಳಲಿಲ್ಲ. ರಘುವಿಗೂ ಹೇಳಬಾರದೆಂದು ಅಮ್ಮ ಆಣೆ ಹಾಕಿಸಿದ್ದಳು, ನಾನು ರಜೆಗೆ ಬಂದಿದ್ದೇನೆ ಎಂದೇ ಅವನು ತಿಳಿದಿದ್ದ.

ಇಲ್ಲಿ ನನ್ನ ಅತ್ತೆ ನಾನು ಮಾಡಿದ್ದನ್ನು ಬಡಿಸಲು ಬಿಡುತ್ತಿರಲಿಲ್ಲ. ಅಪ್ಪೆಹುಳಿ ಮಾಡಿದರೆ ನನ್ನ ಎದುರಿಗೇ ಎಮ್ಮೆ ಕುಡಿಯುವ ಅಕ್ಕಚ್ಚಿನ ಬಾನಿಗೆ ಸುರಿದು, ಬೇರೆ ಮಾಡಿ ಬಡಿಸುತ್ತಿದ್ದರು. ಒಂದು ದಿನ ಎರಡು ದಿನವಲ್ಲ, ಹನ್ನೊಂದು ವರ್ಷ. ನಿಮ್ಮ ಭಾವ ಅಡುಗೆ ಚೆನ್ನಾಗಿದೆ ಎಂದು ಉಂಡೇಳುತ್ತಿದ್ದರು, ಯಾರ ಅಡುಗೆ ಎಂದು ಕೇಳುತ್ತಿರಲಿಲ್ಲ. ಆಗ ಮಗನೂ ಹುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಒಂದು ಚೀಲ ಹಿಡಿದು ಬಸ್ಸು ಹತ್ತಿದೆ.

ಅಪ್ಪಯ್ಯ ಏನೂ ಕೇಳಲಿಲ್ಲ. ಯಾಕೆ ಬಂದೆ ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಅವರಿಗೆ ಅಂಥ ಮಾತು ಬರುತ್ತಿರಲಿಲ್ಲ, ನಿನಗೂ ಗೊತ್ತು. ಹೊಸ ಗ್ಯಾಸ್ ಬಂದಿತ್ತು, ಕಟ್ಟೆ ಬೇಕಿತ್ತು. ಕೆರಿಯನನ್ನು ಕರೆಸಿ, “ಶರಾವತಿ, ಇಲ್ಲಿ ಬಾ, ಒಂದ್ಗಳಿಗೆ ನಿತ್ಕ” ಎಂದರು. ನಾನು ಕೈ ಮಡಚಿ ನಿಂತೆ. ಕೆರಿಯ ನಿನ್ನ ಸುದ್ದಿ ಎತ್ತಿದಾಗ ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಸರಿಯಬಹುದಿತ್ತು. ಸರಿಯಲಿಲ್ಲ. ನಾನು ಇನ್ನು ಇಲ್ಲೇ ಇರುತ್ತೇನೆ, ಇದು ನನ್ನ ಅಡುಗೆಮನೆ ಎಂದು ಆ ಹೊತ್ತು ನಂಬಿದೆ. ನೀನು ಒಬ್ಬಳಿದ್ದೀಯ ಎಂಬುದು ನೆನಪಿಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು.

ಆ ಕಟ್ಟೆಯ ಮೇಲೆ ನಾನು ಅಡುಗೆ ಮಾಡಿದ್ದು ಹನ್ನೊಂದು ದಿನ. ಹನ್ನೊಂದು ದಿನವೂ ನಾನು ಮಾಡಿದ್ದನ್ನು ಯಾರೂ ಚೆಲ್ಲಲಿಲ್ಲ. ಹನ್ನೆರಡನೆಯ ದಿನ ನಿಮ್ಮ ಭಾವ ಬಂದು ಗೇಟಿನ ಹತ್ತಿರ ನಿಂತರು. ಒಳಗೂ ಬರಲಿಲ್ಲ. “ಹೊರಡು, ಮೂರೂವರೆಗೆ ಬಸ್ಸಿದ್ದು” ಎಂದರು. ಅಪ್ಪಯ್ಯ ಕಟ್ಟೆಯ ಪಕ್ಕ ನಿಂತೇ ಇದ್ದರು. ಅಮ್ಮ, “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂದು ತಾನೇ ನನ್ನ ಚೀಲ ಕಟ್ಟಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೆ. ಮುಂದಿನ ವಾರ ನೀನು ಬಂದೆ. ಅಮ್ಮ ನಿನಗೆ ಮಣೆ ಕೊಟ್ಟದ್ದು ಹಂಗಿಸಲಿಕ್ಕಲ್ಲ. ಅವಳಿಗೆ ನಿನ್ನ ಹತ್ತಿರ ಹೇಳಲು ಬೇರೇನೂ ಇರಲಿಲ್ಲ.

ಆ ಮನೆಯಲ್ಲಿ, ಈ ಮನೆಯಲ್ಲಿ, ಎಲ್ಲಿಯೂ ನನ್ನ ಅಳತೆಯದು ಎಂದು ಇರುವುದು ಅದೊಂದೇ. ಅದಕ್ಕೇ ಬೇಡ ಎಂದೆ. ಇನ್ನು ನಿನ್ನಿಷ್ಟ.

ಶರಾವತಿ


ಶಿರಸಿ
15 ಜುಲೈ 2024

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅಳು ಬಂತು. ಎರಡನೆಯ ಸಲ ಸಿಟ್ಟು ಬಂತು. ಮೂರನೆಯ ಸಲ ಓದಿ, ಸಿಟ್ಟಿನಲ್ಲೇ ಬರೆಯಲು ಕುಳಿತೆ.

ನಿಮ್ಮ ಹನ್ನೊಂದು ದಿನಕ್ಕೆ ನನ್ನ ಮೂವತ್ನಾಲ್ಕು ವರ್ಷ ಹೋಯಿತು. ಇದನ್ನು ಹೇಳದೆ ಬಿಟ್ಟರೆ ನಾಲಿಗೆ ಕೊಳೆಯುತ್ತದೆ. ಇಷ್ಟು ವರ್ಷದಲ್ಲಿ ಒಂದು ದಿನ, ಒಂದು ಮಧ್ಯಾಹ್ನ, ಆ ತೆಂಗಿನಕಾಯಿ ತುರಿಯುವಾಗಲೇ ಹೇಳಿದ್ದರೆ ನಾವಿಬ್ಬರೂ ಸೇರಿ ಅಂದೇ ಒಡೆಸುತ್ತಿದ್ದೆವು. ನನಗೆ ಒಬ್ಬ ಅತ್ತೆಯೂ ಉಳಿಯುತ್ತಿದ್ದಳು.

ಕಟ್ಟೆ ಒಡೆಸುತ್ತೇನೆ. ನಿಮ್ಮ ಕಥೆ ಕೇಳಿ ಮನಸ್ಸು ಕರಗಿತು, ಕಲ್ಲು ಕರಗಲಿಲ್ಲ. ಅದು ಮೂವತ್ತೇಳು ಇಂಚೇ ಇದೆ.

ಆದರೆ ಅಡುಗೆಮನೆ ಈಗ ಹದಿನೆಂಟು ಅಡಿ ಉದ್ದವಾಗಿದೆ. ನನಗೆ ಅಷ್ಟು ಬೇಡ. ಕಿಟಕಿಯ ಕಡೆಯ ಹತ್ತಡಿ ನನ್ನದು, ಅದರಲ್ಲಿ ಚೌಕಾಸಿ ಇಲ್ಲ. ಈಚೆ ಕಡೆಯ ಎಂಟಡಿಗೆ ಅಳತೆ ಬೇಕು. ತೊಂಬತ್ತರ ಅಳತೆ ನನಗೆ ಬೇಡ, ಮೂವತ್ಮೂರರ ಹೆಂಗಸು ಈಗ ಎಲ್ಲಿದ್ದಾಳೆ? ಅರವತ್ತೇಳರ ಮೊಣಕೈ ಹಿಡಿದುಕೊಂಡು ನೀವೇ ಬನ್ನಿ. ಆಷಾಢ ಮುಗಿಯುವವರೆಗೆ ಸುಭಾಷನನ್ನು ತಡೆದು ನಿಲ್ಲಿಸುತ್ತೇನೆ. ಬರಲಿಲ್ಲವೋ, ಹದಿನೆಂಟಡಿಯೂ ಇಪ್ಪತ್ತೊಂಬತ್ತು ಇಂಚು. ಆಮೇಲೆ ಬಂದು ಬೆನ್ನು ನೋವು ಎಂದರೆ ನಾನು ಕೇಳುವವಳಲ್ಲ.

ಅಂದು ನಿಮ್ಮನ್ನು ನಿಲ್ಲಿಸಿದವರು ಯಾರೂ ಇರು ಎಂದು ಹೇಳಲಿಲ್ಲವಲ್ಲ. ನಾನು ಹೇಳುತ್ತೇನೆ. ಬಂದರೆ ಇರಿ.

ನೆಲದ ಮೇಲೆ ನಿಂತಿರುವ,
ಪರಿಮಳಾ


ಶಿರಸಿ
6 ಅಕ್ಟೋಬರ್ 2024

ಇವರಿಗೆ,

ಫೋನಿನಲ್ಲಿ, “ಯಾವಾಗ ಬರ್ತೆ?” ಎಂದು ದಿನಾ ಕೇಳುತ್ತೀರಿ. ಅಡುಗೆಮನೆಯ ಕೆಲಸವಿದೆ ಎಂದು ದಿನಾ ಹೇಳುತ್ತೇನೆ. ಇಬ್ಬರಿಗೂ ಬೇಸರವಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ನಾನು ನಿಮಗೆ ಬರೆಯುವ ಮೊದಲ ಕಾಗದ ಇದು.

ಆಷಾಢದ ಕೊನೆಗೆ ಎರಡು ದಿನ ಶಿರಸಿಗೆ ಹೋಗಿ ಬಂದೆನಲ್ಲ, ಯಾಕೆ ಎಂದು ನೀವು ಕೇಳಲಿಲ್ಲ. ನಾನು ಮೊಣಕೈ ಅಳತೆ ಕೊಡಲು ಹೋಗಿದ್ದೆ. ಕೆರಿಯ ಬಂದಿದ್ದ. ಕಣ್ಣು ಕಾಣುವುದಿಲ್ಲ, ದಾರ ಮಗ ಹಿಡಿದ, ಬೆರಳು ಎಣಿಸಿದವನು ಕೆರಿಯನೇ. ಎಣಿಸಿ, “ಅಮ್ಮ, ಕುಗ್ಗಿದ್ರಿ” ಎಂದ. ಮೂವತ್ನಾಲ್ಕು ಇಂಚು. ಮೂರು ಇಂಚು ನಾನು ಎಲ್ಲಿ ಬಿಟ್ಟೆನೋ ನಿಮ್ಮ ಮನೆಯಲ್ಲಿ ಹುಡುಕಿದರೆ ಸಿಗಬಹುದು. ಸುಭಾಷನಿಗೆ ಮಾತ್ರ ಬಹಳ ಖುಷಿಯಾಯಿತು. ಸ್ಟ್ಯಾಂಡರ್ಡ್ ಅಳತೆಯ ಒಬ್ಬಳಾದರೂ ಸಿಕ್ಕಳಲ್ಲ ಎಂದು ನಕ್ಕ. ನಾನು ಇಷ್ಟು ದಿನ ಯಾವ ಕಟ್ಟೆಯನ್ನು ಒಡೆಯಬೇಡ ಎಂದು ಹಟ ಹಿಡಿದಿದ್ದೆನೋ ಅದರ ಮುಂದೆ ನಿಂತು ನೋಡಿದೆ. ಅದು ನನಗೂ ಎತ್ತರವಾಗಿತ್ತು.

ಮೊದಲ ಪೆಟ್ಟು ನಾನೇ ಹಾಕಿದೆ. ಎರಡನೆಯದು ಪರಿಮಳಾ. ಅವಳಿಗೆ ಸುತ್ತಿಗೆ ಎತ್ತಿ ಹೊಡೆಯಲು ಎಟುಕಲಿಲ್ಲ, ಹಿತ್ತಲಿಂದ ಕುಂಡ ಇಳಿಸಿ ಮಣೆ ತಂದು ಹತ್ತಿ ನಿಂತಳು. ನಾನು ಆಚಾರಿಯ ಹತ್ತಿರ ಮಾಡಿಸಿ ಕಳಿಸಿದ ಮಣೆ ಕಡೆಗೂ ಒಂದು ದಿನ ಕೆಲಸಕ್ಕೆ ಬಂತು.

ರಘುವಿನ ತಿಥಿಗೆ ಎಂದು ಬಂದು ಇಪ್ಪತ್ತೈದು ದಿನವಾಯಿತು. ಕಿಟಕಿಯ ಕಡೆ ಅವಳ ಕಟ್ಟೆ, ಈಚೆ ಕಡೆ ನನ್ನದು, ನಡುವೆ ಐದಿಂಚಿನ ಒಂದು ಮೆಟ್ಟಿಲು. ನೋಡಿದವರೆಲ್ಲ ಗಾರೆಯವನು ಲೆಕ್ಕ ತಪ್ಪಿದ್ದಾನೆ ಎನ್ನುತ್ತಾರೆ. ನಾವು ಹೌದು ಎನ್ನುತ್ತೇವೆ. ಬೆಳಿಗ್ಗೆ ಅವಳು ತೆಳ್ಳೇವು ಎರೆಯುತ್ತಾಳೆ, ಮಧ್ಯಾಹ್ನ ನಾನು ತಂಬುಳಿ, ಅಪ್ಪೆಹುಳಿ ಮಾಡುತ್ತೇನೆ. ನನ್ನ ಅಪ್ಪೆಹುಳಿಗೆ ಉಪ್ಪು ಹೆಚ್ಚು ಎಂದು ಅವಳು ಮುಖದ ಮೇಲೇ ಹೇಳುತ್ತಾಳೆ. ಹೇಳಿ, ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾಳೆ.

ನಿಮ್ಮ ಅಮ್ಮ ಹನ್ನೊಂದು ವರ್ಷ ನನ್ನ ಅಡುಗೆಯನ್ನು ಎಲ್ಲಿ ಸುರಿದರು ಎಂದು ನಿಮಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನಬೇಡಿ, ಎಮ್ಮೆಗೆ ಅಕ್ಕಚ್ಚು ಇಡುತ್ತಿದ್ದವರು ನೀವೇ. ಅದಕ್ಕಾಗಿ ಈಗ ಜಗಳವಿಲ್ಲ. ಗೊತ್ತಿತ್ತು ಎಂದು ನನಗೆ ಗೊತ್ತು, ಅಷ್ಟು ನಿಮಗೂ ತಿಳಿದಿರಲಿ.

ಅಲ್ಲಿ ಮಗ ಇದ್ದಾನೆ, ಸೊಸೆ ಇದ್ದಾಳೆ, ನಿಮ್ಮ ಊಟಕ್ಕೆ ತೊಂದರೆಯಿಲ್ಲ. ಬಿಪಿ ಮಾತ್ರೆ ಕನ್ನಡಿಯ ಹಿಂದಿನ ಗೂಡಿನಲ್ಲಿದೆ. ಸೊಸೆಯ ಕಟ್ಟೆ ಅವಳ ಕೈಗೆ ಸಮ ಇದೆಯೋ ಕೇಳಿ ನೋಡಿ. ನಾನು ಎಂದೂ ಕೇಳಲಿಲ್ಲ, ಅದು ನನ್ನ ತಪ್ಪು.

ನಾನು ಸದ್ಯಕ್ಕೆ ಬರುವುದಿಲ್ಲ. ದೀಪಾವಳಿಗೆ ಬರುತ್ತೇನೋ, ಆಮೇಲೆ ಬರುತ್ತೇನೋ, ಮನಸ್ಸು ಬಂದಾಗ ನಾನೇ ಬಸ್ಸು ಹತ್ತುತ್ತೇನೆ. ನಿಮಗೆ ನನ್ನನ್ನು ನೋಡಬೇಕು ಅನ್ನಿಸಿದರೆ ಬನ್ನಿ, ಊಟಕ್ಕೆ ಬನ್ನಿ. ಈ ಸಲ ಗೇಟಿನ ಹತ್ತಿರ ನಿಲ್ಲಬೇಡಿ, ಒಳಗೆ ಬಂದು ಕುಳಿತುಕೊಳ್ಳಿ, ನಾನು ಮಾಡಿದ್ದನ್ನು ನಾನೇ ಬಡಿಸುತ್ತೇನೆ.

ಉಂಡಾದ ಮೇಲೆ ಮೂರೂವರೆಗೆ ಬಸ್ಸಿದೆ. ಒಂದೇ ಟಿಕೆಟು ತೆಗೆಸಿ.

ಶರಾವತಿ